ಹದಿಮೂರನೇ ಫಾರಂ

ನಮ್ಮಕ್ಕ ಓದಿದಷ್ಟು ಪುಸ್ತಕ ಗೆದ್ದಲು ಕೂಡ ತಿಂದಿರಲ್ಲ. ಬಡಾಯಿ ಕೊಚ್ತಾನೆ ಅಂದ್ಕೋಬೇಡಿ. ನಾನು ಬೈಂಡರು, ನಲವತ್ತು ವರ್ಷದಿಂದ ಗೆದ್ದಲು ತಿಂದು ಬಿಟ್ಟಿದ್ದನ್ನೇ ಹೊಲೀತಾ ಇದೀನಿ. ಗೆದ್ದಲ ಹೊಟ್ಟೆ ಎಷ್ಟು, ನಮ್ಮಕ್ಕನ ತಲೆ ಎಷ್ಟು ಅಂತ ನನಗೆ ಚೆನ್ನಾಗಿ ಗೊತ್ತು.

ನನ್ನ ಓದು ಮೂರನೇ ಕ್ಲಾಸು. ಪೂರ್ತಿ ಮೂರು ಅಂದ್ರೆ ನಮ್ಮ ಮೇಷ್ಟ್ರು ಎಲ್ಲಿದ್ರೂ ಬಂದು ಕಿವಿ ಹಿಂಡ್ತಾರೆ. ಅಕ್ಷರ ಕೂಡಿಸಿ ಓದೋಕೆ ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ನಾನು ಒಂದು ಪುಟ ಮುಗಿಸೋದ್ರೊಳಗೆ ಒಲೆ ಮೇಲಿಟ್ಟ ಮೈದಾ ಅಂಟು ತಳ ಹಿಡಿದು, ಹೊಗೆ ಬಂದು, ಅಕ್ಕಪಕ್ಕದೋರು ಬಕೆಟ್ ತಗೊಂಡು ಬಂದಿರ್ತಾರೆ. ಹಾಗಾಗಿ ಓದೋದು ಅಕ್ಕ, ಕೇಳೋದು ನಾನು. ನನ್ನಂಗಡಿ ಲೈಬ್ರರಿ ಹಿಂದಿನ ಗಲ್ಲಿಯಲ್ಲಿದೆ. ಒಂದು ಮೇಜು, ಒಂದು ಕತ್ತರಿಸೋ ಮಷೀನು, ರಟ್ಟಿನ ರಾಶಿ, ಮೂಲೆಯಲ್ಲಿ ಅಕ್ಕನ ಸ್ಟೂಲು. ಆ ಸ್ಟೂಲಿನ ಮೇಲೆ ಕೂತು ಅವಳು ಓದೋದು, ನಾನು ದಬ್ಬಳ ಎಳೆಯೋದು. ಕಥೆಯಲ್ಲಿ ಜಗಳ ಬಂದ್ರೆ ನನ್ನ ಹೊಲಿಗೆ ಬಿಗಿ ಆಗುತ್ತೆ, ಮದುವೆ ಬಂದ್ರೆ ಸಡಿಲ. ಲೈಬ್ರರಿಯಮ್ಮ ಹೊಲಿಗೆ ಮುಟ್ಟಿ ನೋಡಿ, "ಇದು ಕೊಲೆ ನಡೆದಾಗ ಹೊಲಿದಿದ್ದಾ?" ಅಂತ ಕೇಳ್ತಾರೆ.

ಅಕ್ಕಂಗೆ ಹತ್ತು ವರ್ಷ ಇದ್ದಾಗ ಪತ್ತೇದಾರಿ ಹುಚ್ಚು. ಕೆಂಪು ಟೊಪ್ಪಿ ಹಾಕ್ಕೊಂಡ ಒಬ್ಬ ಪತ್ತೇದಾರ, ಅವನ ಕಥೆ ಇಪ್ಪತ್ತೆಂಟು ಪುಸ್ತಕ. ಅದೆಲ್ಲ ಓದಿ ಇವಳಿಗೆ ಊರೆಲ್ಲ ಕಳ್ಳರೇ ಕಾಣೋರು. ಪೇಪರ್ ಹಾಕೋನ ಹಿಂದೆ ನಾಲ್ಕು ದಿನ ಸೈಕಲಲ್ಲಿ ಹೋಗಿ, ಕೊನೆಗೆ ಅವನು ಪೇಪರ್ ಹಾಕ್ತಾನೆ ಅಂತ ಕಂಡುಹಿಡಿದಳು. ಹದಿನೆಂಟಕ್ಕೆ ಅಳು ಪುಸ್ತಕಗಳು ಬಂದ್ವು. ಒಬ್ಬ ಲೇಖಕರಿದ್ರು, ಮೊದಲನೇ ಪುಟದಲ್ಲಿ ತಾಯಿ ಸಾಯೋಳು, ಎರಡನೇ ಪುಟದಲ್ಲಿ ಹಸು. ಅವರ ಪುಸ್ತಕ ಲೈಬ್ರರಿಯಿಂದ ಬರುವಾಗ ಅರ್ಧ ಕೆಜಿ, ಅಕ್ಕ ಓದಿ ವಾಪಸ್ ಕೊಡುವಾಗ ಮುಕ್ಕಾಲು. ನಾನು ಪುಟಪುಟ ಬಿಸಿಲಿಗಿಟ್ಟು ಒಣಗಿಸ್ತಿದ್ದೆ.

ಇಪ್ಪತ್ತೆಂಟು ತುಂಬಿದಾಗ ಹಸಿರು ರಟ್ಟಿನ ಪುಸ್ತಕ ಸಿಕ್ತು. ಅಲ್ಲಿಂದ ಮುಂದೆ ಎಷ್ಟು ಲೇಖಕರು ಬಂದ್ರೂ ಹೋದ್ರೂ ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ.

ಆಗಿನ ನಮ್ಮ ಮನೆ ಕಥೆ ಹೇಳ್ಬೇಕು. ಭಾವ ಕೆಲಸ ಸಿಕ್ಕಿದ ತಕ್ಷಣ ಕರೆಸ್ಕೋತೀನಿ ಅಂತ ದೂರದೂರಿಗೆ ಹೋದೋರು. ಮೊದಲ ತಿಂಗಳು ಎರಡು ಕಾಗದ ಬಂತು, ಎರಡನೇ ತಿಂಗಳು ಒಂದು. ಆಮೇಲೆ ನಾಲ್ಕು ವರ್ಷ ಪೋಸ್ಟಿನೋರು ನಮ್ಮ ಮನೆ ಮುಂದೆ ಬಂದಾಗ ಸೈಕಲ್ ಜೋರಾಗಿ ತುಳಿಯೋರು, ಅಕ್ಕನ ಮುಖ ನೋಡೋಕಾಗದೆ. ಅಮ್ಮ ದಿನಾ, "ಬರ್ತಾರೆ ಕಣೆ, ಎಲ್ಲಿಗೆ ಹೋಗ್ತಾರೆ" ಅನ್ನೋಳು. ಅಕ್ಕ ಕಿಟಕಿ ಹತ್ರ ಕೂತಿರೋಳು.

ಆ ಹಸಿರು ಪುಸ್ತಕದಲ್ಲೂ ಒಬ್ಬಳು ಗಂಡಂಗೋಸ್ಕರ ಕಾಯ್ತಾ ಇರ್ತಾಳೆ. ಅದನ್ನ ಬರೆದ ಲೇಖಕಿಗೆ ಒಂದು ಚಾಳಿ, ಯಾವ ಪುಸ್ತಕದಲ್ಲೂ ನಾಯಕಿಗೆ ಹೆಸರಿಡಲ್ಲ. ಬರೀ 'ಅವಳು'. ಇನ್ನೂರು ಪುಟ ಬರೆಯೋಕೆ ಬೇಜಾರಿಲ್ಲ, ಒಂದು ಹೆಸರಿಡೋಕೆ ಬೇಜಾರು. ಇರಲಿ. ಕೊನೆಯಲ್ಲಿ ಅವಳು ಎದ್ದು ಬಂದು, ಮನೆಗೆ ಬೀಗ ಹಾಕಿ, ಕೀಲಿ ಪಕ್ಕದ ಮನೆಯೋರ ಕೈಗೆ ಕೊಟ್ಟು, "ಯಾರಾದ್ರೂ ಕೇಳಿದ್ರೆ ಕೆಲಸಕ್ಕೆ ಹೋದಳು ಅನ್ನಿ" ಅಂತ ಹೇಳಿ ಬಸ್ ಹತ್ತುತ್ತಾಳೆ. ಅಕ್ಕ ಅದನ್ನ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದಿದ್ದು ಇವತ್ತಿಗೂ ಕಿವಿಯಲ್ಲಿದೆ. ಅವತ್ತು ಸಂಜೆ ಪುಸ್ತಕ ಕಂಕುಳಲ್ಲಿ ಇಟ್ಕೊಂಡೇ ಅಮ್ಮನ ಮುಂದೆ ನಿಂತು, "ನರ್ಸಿಂಗ್ ಟ್ರೇನಿಂಗಿಗೆ ಹೋಗ್ತೀನಿ" ಅಂದಳು. ಸೋಮವಾರ ಹೋಗೇಬಿಟ್ಟಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಹೆಡ್ ಸಿಸ್ಟರ್ ಆಗಿ ರಿಟೈರ್ ಆದಳು. ಅವಳ ಕೈ ಎಷ್ಟು ಹಗುರ ಅಂದ್ರೆ, ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಆದ್ಮೇಲೆ ರೋಗಿಗಳು, "ಯಾವಾಗ ಚುಚ್ತೀರಾ ಸಿಸ್ಟರ್" ಅಂತ ಕೇಳೋರು. ಹಸಿರು ಪುಸ್ತಕಾನ ಎಷ್ಟು ಸಲ ತಂದಳೋ ಲೆಕ್ಕ ಇಲ್ಲ. ಕೊನೆಗೆ ಲೈಬ್ರರಿಯೋರೇ, "ತಾಯಿ, ನೀವೇ ಇಟ್ಕೊಳ್ಳಿ" ಅಂತ ಕೈ ಮುಗಿದು ಕೊಟ್ರು.

ಈ ವರ್ಷ ಲೈಬ್ರರಿಗೆ ಎಪ್ಪತ್ತೈದು ತುಂಬಿತು. ಭಾನುವಾರ ಬೆಳಗ್ಗೆ ಸಮಾರಂಭ, ಆ ಲೇಖಕಿನೇ ಬರ್ತಾರೆ, ಹಳೇ ಓದುಗರ ಪರವಾಗಿ ಅಕ್ಕ ತನಗಿಷ್ಟವಾದ ಪುಸ್ತಕಗಳ ಬಗ್ಗೆ ಮಾತಾಡ್ಬೇಕು ಅಂತ ಗೊತ್ತಾಯ್ತು. ಅಕ್ಕ ಕನ್ನಡಕ ಒರೆಸಿದ್ದೇ ಒರೆಸಿದ್ದು.

ಗುರುವಾರ ಲೈಬ್ರರಿಯಮ್ಮ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ರು. ಅದೇ ಹಸಿರು ಪುಸ್ತಕದ ಇನ್ನೊಂದು ಪ್ರತಿ. ಯಾರೋ ಮನೆ ಖಾಲಿ ಮಾಡೋರು ದಾನ ಕೊಟ್ಟಿದ್ದು, ಬೆನ್ನು ಬಿಟ್ಟಿತ್ತು.

"ಅಣ್ಣ, ಭಾನುವಾರದೊಳಗೆ ಇದಕ್ಕೊಂದು ಬೆನ್ನು ಹಾಕ್ಕೊಡಿ. ಮೇಡಂ ಕೈಯಲ್ಲಿ ಸಹಿ ಹಾಕಿಸ್ಬೇಕು."

"ಬೆನ್ನೇನು, ಸೊಂಟಾನೂ ಹಾಕ್ಕೊಡ್ತೀನಿ ಬಿಡಿ," ಅಂದೆ.

ಅವರು ನಗ್ತಾ ಹೋದ್ರು. ನಾನು ರಟ್ಟು ಬಿಚ್ಚಿ ಕೊನೇ ಫಾರಂ ತಿರುವಿ ನೋಡಿದೆ. ಫಾರಂ ಅಂದ್ರೆ ಒಂದು ದೊಡ್ಡ ಹಾಳೆ ಮಡಚಿ ಮಾಡಿದ ಹದಿನಾರು ಪುಟದ ಕಟ್ಟು. ಅಂಥ ಹದಿಮೂರು ಕಟ್ಟು ಸೇರಿಸಿ ಹೊಲಿದ್ರೆ ಆ ಪುಸ್ತಕ. ಕೊನೇ ಫಾರಂ ನನಗೆ ಬಾಯಿಪಾಠ, ಓದೋಕೆ ಕಷ್ಟ ಇಲ್ಲ ಅಂತ ಬೆರಳಿಟ್ಟು ಓದಿದೆ. ಬೀಗ ಇಲ್ಲ. ಕೀಲಿ ಇಲ್ಲ. ಬಸ್ಸೂ ಇಲ್ಲ. ಅವಳು ಚಿಲಕ ತೆಗೆದು ಕಿಟಕಿ ಪಕ್ಕ ಕೂತಳು, ಕೂತೇ ಇದ್ದಳು, ತಲೆಕೂದಲು ಬೆಳ್ಳಗಾಯ್ತು.

ನನಗೆ ನಗು ಬಂತು. ಯಾವನೋ ದಡ್ಡ ಬೈಂಡರು ಬೇರೆ ಪುಸ್ತಕದ ಫಾರಂ ಸೇರಿಸಿಬಿಟ್ಟಿದಾನೆ ಅಂತ. ಎದುರು ಟೀ ಅಂಗಡಿಯೋರನ್ನ ಕರೆದು ತೋರಿಸಿದೆ. "ನೋಡಿ, ಇಂಥೋರ ಕೈಗೆಲ್ಲ ದಬ್ಬಳ ಕೊಡ್ತಾರೆ. ಇವನ್ನ ಹಿಡಿದು ಇವನದೇ ಪ್ರೆಸ್ಸಲ್ಲಿಟ್ಟು ತಿರುಗಿಸ್ಬೇಕು," ಅಂದೆ.

ಅವರು ಹೋದ್ಮೇಲೆ ಹೊಲಿಗೆ ನೋಡಿದೆ. ಕಾರ್ಖಾನೆ ಹೊಲಿಗೆ. ಮಷೀನು ಹಾಕಿದ ನೂಲು, ಒಂದು ಗಂಟೂ ಬಿಚ್ಚಿಲ್ಲ, ಒಂದು ತೂತೂ ಹೊಸದಿಲ್ಲ. ಪ್ರೆಸ್ಸಿಂದ ಬಂದಾಗ ಹೇಗಿತ್ತೋ ಹಾಗೇ ಇದೆ. ಅದನ್ನ ಯಾವ ಬೈಂಡರೂ ಮುಟ್ಟಿರಲಿಲ್ಲ.

ಹಾಗಾದ್ರೆ ಆ ದಡ್ಡ ಬೈಂಡರು ಯಾರು ಅಂತ ತಿಳ್ಕೊಳ್ಳೋಕೆ ಕೆಂಪು ಟೊಪ್ಪಿ ಪತ್ತೇದಾರ ಬೇಕಾಗಲಿಲ್ಲ.

ಮೂವತ್ತೈದು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣಮುಂದೆ ಬಂತು. ಹಸಿರು ಪುಸ್ತಕ, ಅದೇ ಲೇಖಕಿಯ ಇನ್ನೊಂದು ಪುಸ್ತಕ, ಎರಡನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿದ್ದೆ. ಎರಡನೇದಕ್ಕೆ ನಾನು ಕಂದು ರಟ್ಟು ಹಾಕಿದ್ದು. ಒಂದೇ ಪ್ರೆಸ್ಸು, ಒಂದೇ ಅಳತೆ, ಒಂದೇ ಅಕ್ಷರ, ಎರಡೂ ಹದಿಮೂರು ಫಾರಂ. ಕರೆಂಟ್ ಹೋಗಿತ್ತು. ಬಂದಾಗ ಫ್ಯಾನು ಎಂಥಾ ಸ್ಪೀಡಲ್ಲಿ ತಿರುಗ್ತು ಅಂದ್ರೆ, ಮೇಜಿನ ಮೇಲಿದ್ದ ಇಪ್ಪತ್ತಾರು ಫಾರಂ ಗುಬ್ಬಿ ಹಾರಿದ ಹಾಗೆ ಹಾರಿದ್ವು, ಒಂದಂತೂ ಲೈಬ್ರರಿ ಕಿಟಕಿಯೊಳಗೇ ಹೋಗಿ ಕೂತಿತ್ತು. ಎಲ್ಲ ಆರಿಸಿ ಜೋಡಿಸಿದೆ. ನಮ್ಮ ಕಸುಬಲ್ಲಿ ಕಥೆ ನೋಡಿ ಜೋಡಿಸಲ್ಲ, ಪ್ರತಿ ಫಾರಮ್ಮಿನ ಮೊದಲನೇ ಪುಟದ ಕೆಳಗೆ ಸಣ್ಣದಾಗಿ ನಂಬರ್ ಇರುತ್ತೆ, ಅದು ನೋಡಿ ಜೋಡಿಸ್ತೀವಿ. ಒಂದು, ಎರಡು, ಮೂರು, ಹೀಗೆ ಹದಿಮೂರರವರೆಗೆ. ನಂಬರ್ ಸರಿಯಾಗೇ ಇತ್ತು. ಆದ್ರೆ ಇದರ ಹದಿಮೂರು ಅದಕ್ಕೆ, ಅದರ ಹದಿಮೂರು ಇದಕ್ಕೆ ಹೋಗಿತ್ತು. ಗ್ರಹಚಾರ ನೋಡಿ, ಹಸಿರು ಪುಸ್ತಕದ ಹನ್ನೆರಡನೇ ಫಾರಂ 'ಅವಳು ಎದ್ದು ಬಾಗಿಲ ಹತ್ತಿರ ಬಂದು' ಅಂತ ಮುಗಿಯುತ್ತೆ, ಕಂದು ಪುಸ್ತಕದ ಹದಿಮೂರು 'ಬೀಗ ಹಾಕಿದಳು' ಅಂತ ಶುರು. ದರ್ಜಿ ಹೊಲಿದ್ರೂ ಅಷ್ಟು ಚೆನ್ನಾಗಿ ಕೂಡ್ತಿರಲಿಲ್ಲ.

ನಾನು ಅಲ್ಲೇ ಕೂತೆ. ಅಂಟಿನ ಡಬ್ಬಿ ಮೇಲೆ ಕೂತಿದೀನಿ ಅಂತ ಅರ್ಧ ಗಂಟೆ ಆದ್ಮೇಲೆ ಗೊತ್ತಾಯ್ತು.

ಜನ ನಗ್ತಾರೆ ಅನ್ನೋ ಭಯ ಒಂದು ಕಡೆ. ಅಕ್ಕ ಸ್ಟೇಜ್ ಮೇಲೆ ನಿಂತು, ಆ ಲೇಖಕಿ ಎದುರಿಗೇ, ಅವರು ಬರೀದೇ ಇರೋದನ್ನ ಹೊಗಳ್ತಾಳೆ. ಅದನ್ನಾದ್ರೂ ಹೇಗೋ ತಡ್ಕೋಬಹುದು. ತಡ್ಕೊಳ್ಳೋಕಾಗದೇ ಇದ್ದಿದ್ದು ಇನ್ನೊಂದು. ಅಕ್ಕ ಆ ಕೊನೆ ನೋಡಿ ತಾನೇ ಮನೆ ಬಿಟ್ಟು ಹೊರಟಿದ್ದು? ಅವಳ ನರ್ಸಿಂಗು, ಮೂವತ್ತು ವರ್ಷದ ಕೆಲಸ, ಆಮೇಲೆ ಭಾವ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದಾರೆ ಅಂತ ತಿಳಿದಾಗ ಅವಳು, "ಸರಿ ಬಿಡು, ನಂಗೆ ಡ್ಯೂಟಿಗೆ ಹೊತ್ತಾಯ್ತು" ಅಂದಿದ್ದು, ಎಲ್ಲ ನಿಂತಿರೋದು ಒಂದು ಫ್ಯಾನಿನ ಗಾಳಿ ಮೇಲೆ, ಒಬ್ಬ ಮೂರನೇ ಕ್ಲಾಸಿನ ತಪ್ಪಿನ ಮೇಲೆ. ಇದನ್ನ ಈ ವಯಸ್ಸಲ್ಲಿ ಅವಳಿಗೆ ಹೇಗೆ ಹೇಳೋದು? ಹೇಳದೆ ಸ್ಟೇಜ್ ಹತ್ತೋಕೆ ಹೇಗೆ ಬಿಡೋದು?

ಶುಕ್ರವಾರ ಹೇಳೋಣ ಅಂತ ಅವಳ ಮನೆಗೆ ಹೋದೆ. "ಅಕ್ಕ, ಒಂದು ಮಾತು," ಅಂದೆ. "ಏನೋ?" ಅಂದಳು. "ನಿನ್ನ ಸೀರೆ ಬಣ್ಣ ಚೆನ್ನಾಗಿದೆ," ಅಂದು ಬಂದೆ. ಹುಟ್ಟಿದಾಗಿಂದ ನಾನು ಅವಳ ಸೀರೆ ಬಗ್ಗೆ ಮಾತಾಡಿದ್ದು ಅದೇ ಮೊದಲು. ಅವಳು ಫೋನ್ ಮಾಡಿ, "ಜ್ವರ ಏನಾದ್ರೂ ಇದೆಯೇನೋ ನಿಂಗೆ?" ಅಂತ ಕೇಳಿದಳು. ಎರಡು ದಿನದಲ್ಲಿ ನಾನೆಷ್ಟು ಇಳಿದುಹೋದೆ ಅಂದ್ರೆ, ಬಟ್ಟೆಗೆ ನಾನಿದೀನಿ ಅಂತ ನೆನಪು ಮಾಡ್ಬೇಕಾಗ್ತಿತ್ತು.

ಶನಿವಾರ ಬೆಳಗ್ಗೆ ಅವಳೇ ಅಂಗಡಿಗೆ ಬಂದಳು, ಕೈಯಲ್ಲಿ ನಾಲ್ಕು ಹಾಳೆ. "ಭಾಷಣ ಓದ್ತೀನಿ, ಕೇಳು. ಬೇಜಾರಾದ್ರೆ ಹೇಳು, ಆದ್ರೆ ಆಕಳಿಸಬೇಡ."

ಓದಿದಳು. ಕೆಂಪು ಟೊಪ್ಪಿಯೋನು ಬಂದ, ಅಳು ಲೇಖಕರು ಬಂದ್ರು. ನಲವತ್ತರಲ್ಲಿ ಓದಿದ ಪ್ರವಾಸದ ಪುಸ್ತಕಗಳು ಬಂದ್ವು. ಅದನ್ನ ಓದಿ ಅವಳು ಕಂಡಿಲ್ಲದ ಬೆಟ್ಟದ ದಾರಿಯನ್ನ ಅಲ್ಲೇ ಹುಟ್ಟಿದೋರಿಗೆ ಹೇಳಿಕೊಡ್ತಿದ್ದಳು. ಮೊನ್ನೆ ಮೊನ್ನೆ ಹಿಡಿದ, ಗುಲಾಬಿ ಗಿಡದ ರೋಗ ವಾಸಿ ಮಾಡೋ ಡಾಕ್ಟರೊಬ್ಬರ ಪುಸ್ತಕಾನೂ ಬಂತು. ಆಮೇಲೆ ದನಿ ಸಣ್ಣ ಮಾಡಿ, "ಆದರೆ ಹಸಿರು ರಟ್ಟಿನ ಆ ಪುಸ್ತಕದಲ್ಲಿ ಅವಳು ಬೀಗ ಹಾಕಿ ಹೊರಟಳು. ನಾನೂ ಹೊರಟೆ" ಅಂತ ಓದಿದಳು.

"ಅಕ್ಕ, ಅವಳು ಹೊರಡಲಿಲ್ಲ ಅಕ್ಕ," ಅಂದುಬಿಟ್ಟೆ.

"ಏನಂದೆ?"

"ಅವಳು ಅಲ್ಲೇ ಕೂತಳು. ಹೊರಡಿಸಿದ್ದು ನಾನು. ಫ್ಯಾನು."

ಒಂದು ಸಲ ಬಾಯಿ ಬಿಟ್ಟ ಮೇಲೆ ಎಲ್ಲಾ ಬಂತು. ಕರೆಂಟು, ನಂಬರು, ಕಂದು ರಟ್ಟು, ಟೀ ಅಂಗಡಿಯೋರ ಮುಂದೆ ನನಗೆ ನಾನೇ ಬೈದುಕೊಂಡಿದ್ದು, ಎಲ್ಲ. ಅಕ್ಕ ಕೈ ಚಾಚಿದಳು. ದಾನ ಬಂದ ಪ್ರತಿಯ ಕೊನೇ ಫಾರಂ ಕೊಟ್ಟೆ. ಅವಳು ಕನ್ನಡಕ ಏರಿಸ್ಕೊಂಡು, ಯಾವಾಗಿನ ಹಾಗೆ ಗಟ್ಟಿಯಾಗಿ ಓದೋಕೆ ಶುರು ಮಾಡಿದಳು. ಹದಿನಾರು ಪುಟ. ನಾನು ಕೈಗೆ ಸಿಕ್ಕಿದ ಏನನ್ನೋ ಹೊಲೀತಾ ಇದ್ದೆ. ಆಮೇಲೆ ನೋಡಿದ್ರೆ ನನ್ನ ಅಂಗಿ ತೋಳನ್ನೇ ರಟ್ಟಿಗೆ ಸೇರಿಸಿ ಹೊಲಿದಿದ್ದೆ. ಕಿಟಕಿ ಹತ್ರ ಕೂತ ಅವಳ ಕೂದಲು ಬೆಳ್ಳಗಾಯ್ತು, ಬೀದಿಯ ಮಕ್ಕಳು ದೊಡ್ಡೋರಾಗಿ ಅವರ ಮಕ್ಕಳು ಆಡೋಕೆ ಬಂದ್ರು, ಪುಸ್ತಕ ಮುಗೀತು.

"ಚೆನ್ನಾಗಿ ಬರೆದಿದಾರೆ ಕಣೋ," ಅಂದಳು ಅಕ್ಕ.

ನಾನು ತಲೆ ಎತ್ತಲಿಲ್ಲ. "ನನ್ನಿಂದ ನಿನ್ನ ಬದುಕೇ…"

"ನನ್ನ ಬದುಕಿಗೆ ಏನಾಯ್ತು?"

"ಅದನ್ನ ಓದಿ ತಾನೇ ನೀನು ಹೋಗಿದ್ದು?"

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕೋಕೆ ಶುರುವಾಯ್ತು, ಸ್ಟೂಲು ಕಿರ್ ಅಂತು. "ಲೋ ಪೆದ್ದ, ಅರ್ಜಿ ಹಾಕದೆ ಟ್ರೇನಿಂಗಿಗೆ ಸೇರಿಸ್ಕೋತಾರೇನೋ? ಬೆಳಗ್ಗೆ ಪುಸ್ತಕ ಓದಿ ಸಂಜೆ ಹೋಗಿ ನಿಂತ್ರೆ ಬಿಳೀ ಸೀರೆ ಕೊಟ್ಟು ಬನ್ನಿ ಅಂತಾರಾ?"

ನನಗೆ ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ.

"ಆ ಪುಸ್ತಕ ಕೈಗೆ ತಗೊಳ್ಳೋಕೆ ಮುಂಚೇನೇ ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ಸೀಟು ಸಿಕ್ಕಿದೆ ಬನ್ನಿ ಅನ್ನೋ ಕಾಗದ ಬಂದು ಆರು ದಿನ. ಪೋಸ್ಟಿನೋರ ಹತ್ರ ಬೀದಿ ತುದಿಯಲ್ಲೇ ಇಸ್ಕೊಂಡಿದ್ದೆ. ಓದಿದ ಪುಟದ ಗುರುತಿಗೆ ಅದನ್ನೇ ಇಟ್ಕೊಂಡಿದ್ದೆ ಕಣೋ, ನಿನ್ನ ಕಣ್ಣೆದುರಿಗೇ."

"ಮತ್ತೆ ಹೇಳಲೇ ಇಲ್ವಲ್ಲ."

"ಅಮ್ಮಂಗೆ ಹೇಳೋಕೆ ಭಯ. ನಿನಗೆ ಹೇಳಿದ್ರೆ ಅಂಟು ಆರೋದ್ರೊಳಗೆ ಊರಿಗೆಲ್ಲ ಗೊತ್ತಾಗಿರೋದು. ಹೋಗೋದು ನಿಕ್ಕಿ ಆಗಿತ್ತು. ಕೊನೇಲಿ ಅವಳೂ ಬೀಗ ಹಾಕಿದಾಗ, ನನ್ನ ಪರವಾಗಿ ಒಬ್ಬರು ಮಾತಾಡಿದ ಹಾಗಾಯ್ತು. ಅವತ್ತೇ ಅಮ್ಮನ ಮುಂದೆ ನಿಂತೆ." ಕೈಯಲ್ಲಿದ್ದ ಫಾರಂ ತಿರುಗಿಸಿ ನೋಡಿದಳು. "ಅವತ್ತು ಇದನ್ನ ಓದಿದ್ದಿದ್ರೆ ಅಮ್ಮಂಗೆ ಹೇಳೋದು ಇನ್ನೆರಡು ದಿನ ತಡ ಆಗೋದು. ಪುಸ್ತಕ ನಿನ್ನ ತಲೆ ಮೇಲೆ ಎಸೆದು ಹೋಗ್ತಿದ್ದೆ. ಹೋಗೋದಂತೂ ಹೋಗ್ತಿದ್ದೆ."

ಆ ಕ್ಷಣ ನನ್ನ ಎದೆ ಮೇಲಿಂದ ಏನೋ ಇಳೀತು ನೋಡಿ, ಕತ್ತರಿಸೋ ಮಷೀನಿನಷ್ಟು ತೂಕದ್ದು. ಬಿದ್ದ ಸದ್ದಿಗೆ ಟೀ ಅಂಗಡಿಯೋರು ಬಂದು ನೋಡ್ಬೇಕಿತ್ತು. ಅಕ್ಕ ನನ್ನ ತೋಳಿನ ಹೊಲಿಗೆ ಕತ್ತರಿಯಲ್ಲಿ ಬಿಡಿಸ್ತಾ, "ಭಾಷಣದ ಮೂರನೇ ಹಾಳೆ ತಿದ್ದಬೇಕು, ಪೆನ್ನು ಕೊಡು," ಅಂದಳು.

ಭಾನುವಾರ ಅವಳು ಇದ್ದದ್ದನ್ನ ಇದ್ದ ಹಾಗೆ ಹೇಳಿದಳು, ಫ್ಯಾನಿನ ಸಮೇತ. ನಾನು ಕೊನೇ ಸಾಲಿನಲ್ಲಿ ಕಂಬದ ಹಿಂದೆ ಕೂತಿದ್ದೆ. ಜನ ನಕ್ಕರು, ಅದರಲ್ಲಿ ಕುಹಕ ಇರಲಿಲ್ಲ. ಲೇಖಕಿ ಮಾತ್ರ ನಗಲಿಲ್ಲ. ತೆಳ್ಳಗೆ, ನೆಟ್ಟಗೆ ಕೂತಿದ್ರು. ಅಕ್ಕನ ಹಸಿರು ಪುಸ್ತಕ ಇಸ್ಕೊಂಡು ಕೊನೇ ಪುಟಗಳನ್ನ ತಿರುವಿ ತಿರುವಿ ನೋಡಿದ್ರು.

ಕೊನೆಗೆ ಮೈಕಿನ ಹತ್ರ ಬಂದು, "ಅವಳನ್ನ ಕಿಟಕಿ ಹತ್ರ ಕೂರಿಸಿದ್ದಕ್ಕೆ ನನಗೆ ಓದುಗರಿಂದ ಚೀಲಗಟ್ಟಲೆ ಬೈಗುಳ ಬಂದಿದ್ವು. ಈ ಊರಿಂದ ಮಾತ್ರ ಒಂದೂ ಬಂದಿರಲಿಲ್ಲ. ಯಾಕೆ ಅಂತ ಈಗ ತಿಳೀತು," ಅಂದ್ರು. ಆಮೇಲೆ ಹುಬ್ಬು ಗಂಟಿಕ್ಕಿ, "ಅದು ಸರಿ, ನನ್ನ ಇನ್ನೊಂದು ಪುಸ್ತಕದ ಗತಿ ಏನಾಯ್ತು?"

ಅದು ನನಗೆ ಹೊಳೆದೇ ಇರಲಿಲ್ಲ. ಕಂದು ಪುಸ್ತಕ ಲೈಬ್ರರಿ ಕಪಾಟಲ್ಲೇ ಇತ್ತು. ಅದರಲ್ಲಿ ಕೈಚೀಲ ಹಿಡಿದು ಹೊರಟು ನಿಂತವಳು ಕೊನೇ ಗಳಿಗೆಯಲ್ಲಿ ಚಿಲಕ ತೆಗೆದು ಒಳಗೆ ಬಂದು ಕಿಟಕಿ ಪಕ್ಕ ಕೂತುಬಿಟ್ಟಿದ್ದಳು. ಲೈಬ್ರರಿಯಮ್ಮ ಓಡಿಹೋಗಿ ತಂದು ಒಳಗಿನ ಚೀಟಿ ನೋಡಿದ್ರು. ಇಷ್ಟು ವರ್ಷದಲ್ಲಿ ಒಬ್ಬರೇ ಒಯ್ದಿದ್ರು. ಅವರು ಎರಡನೇ ಸಾಲಿನಲ್ಲೇ ಇದ್ರು, ರಿಟೈರ್ಡ್ ಬಸ್ ಕಂಡಕ್ಟರ್.

ಅವರು ಎದ್ದು ನಿಂತು ಕೈ ಮುಗಿದ್ರು. "ಓದಿದ್ದೆ ಮೇಡಂ. ಅಷ್ಟೆಲ್ಲ ಧೈರ್ಯ ಮಾಡಿದೋಳು ಹೀಗೆ ವಾಪಸ್ ಬಂದು ಕೂತಳಲ್ಲ ಅಂತ ಸಿಟ್ಟು ಬಂತು. ಆಮೇಲೆ ನಿಮ್ಮ ಪುಸ್ತಕ ಮುಟ್ಟಲಿಲ್ಲ. ತಪ್ಪು ತಿಳ್ಕೋಬೇಡಿ."

"ಎಷ್ಟು ವರ್ಷದಿಂದ ಮುಟ್ಟಿಲ್ಲ?"

"ಇಪ್ಪತ್ತೊಂದು."

ಆಗ ಲೇಖಕಿ ನಕ್ಕರು. ಮೈಕ್ ಕೈಯಿಂದ ಮುಚ್ಚಿಕೊಂಡು, ಭುಜ ಅಲ್ಲಾಡೋ ಹಾಗೆ. "ಆ ಬೈಂಡರು ಎಲ್ಲಿದಾರೆ?" ಅಂದ್ರು. ಅಕ್ಕ ಸ್ಟೇಜಿಂದಲೇ ಕಂಬದ ಕಡೆ ಬೆರಳು ತೋರಿಸಿದಳು. ನಾನು ಎದ್ದೆ.

"ಎರಡನ್ನೂ ಸರಿ ಮಾಡಿ ಕೊಡಿ," ಅಂದ್ರು. "ಕೂತೋಳು ಅಲ್ಲೇ ಕೂರಲಿ, ನಾನು ಯೋಚನೆ ಮಾಡಿಯೇ ಕೂರಿಸಿದ್ದು. ಹೊರಟೋಳನ್ನ ಹೊರಡೋಕೆ ಬಿಡಿ. ಇವರಿಗೆ ಬಸ್ಸು ತಪ್ಪಿ ಇಪ್ಪತ್ತೊಂದು ವರ್ಷ ಆಗಿದೆ."

"ನಾಳೆನೇ ಮೇಡಂ," ಅಂದೆ. ನನ್ನ ದನಿ ನನಗೇ ಕೇಳಿಸ್ತು, ಪರವಾಗಿಲ್ಲ ಅನ್ನಿಸ್ತು.

ಸೋಮವಾರ ಎರಡೂ ಪುಸ್ತಕ ಬಿಚ್ಚಿದೆ. ಫ್ಯಾನಿನ ಸ್ವಿಚ್ಚಿಗೆ ಮೊದಲೇ ಟೇಪ್ ಸುತ್ತಿದ್ದೆ. ಹಳೇ ಅಂಟು ಕೆರೆದು, ಎರಡು ಹದಿಮೂರನ್ನೂ ಅದರದರ ರಾಶಿ ಮೇಲಿಟ್ಟು, ಈ ಸಲ ನಂಬರ್ ಜೊತೆಗೆ ಒಂದೊಂದು ಸಾಲು ಬೆರಳಿಟ್ಟು ಓದಿ ನೋಡಿದೆ. ಹಸಿರು ಪುಸ್ತಕ ಹೊಲಿದು ಮುಗಿಸೋ ಹೊತ್ತಿಗೆ ಅಕ್ಕ ಬಂದಳು.

"ನಿನ್ನದು ರೆಡಿ," ಅಂದೆ. "ಕೊನೇಲಿ ಅವಳು ಕೂತಿದಾಳೆ. ಬೇಜಾರಿಲ್ಲ ತಾನೇ?"

"ಇರಲಿ ಬಿಡು, ಅವಳಿಗೆ ಏನು ಕಷ್ಟವೋ." ಅಕ್ಕ ಸ್ಟೂಲು ಮೇಜಿನ ಹತ್ರಕ್ಕೆ ಎಳ್ಕೊಂಡಳು. ಕಂದು ಪುಸ್ತಕದ ಬಿಡಿ ಫಾರಂಗಳ ಕಡೆ ನೋಡಿದಳು. "ಮೂವತ್ತೈದು ವರ್ಷದಿಂದ ಇವಳು ಬೀಗ ಹಾಕೋದನ್ನ ಓದ್ತಾ ಇದೀನಿ. ಹಸಿರನ್ನೇ ಮತ್ತೆ ಮತ್ತೆ ತಂದು ಈ ಕಂದು ಪುಸ್ತಕ ಮುಟ್ಟೇ ಇರಲಿಲ್ಲ. ಆ ಮನೆ ಯಾವುದು, ಒಳಗೆ ಏನು ನಡೆದಿತ್ತು, ಒಂದೂ ಗೊತ್ತಿಲ್ಲ. ಮೊದಲನೇ ಫಾರಂ ಕೊಡು."

"ಇನ್ನೂ ಹೊಲಿದಿಲ್ಲ ಅಕ್ಕ. ಕಂಡಕ್ಟರ್ ಸಾಹೇಬ್ರು ಸಂಜೆ ಬರ್ತಾರೆ, ಸರದಿ ಅವರದು."

"ಹದಿಮೂರು ತಾನೇ? ನಾನೊಂದು ಓದಿ ಕೊಡ್ತೀನಿ, ನೀನೊಂದು ಹೊಲಿ. ಸಂಜೆಗೆ ಮುಗಿಯುತ್ತೆ."

ದಬ್ಬಳಕ್ಕೆ ನೂಲು ಪೋಣಿಸಿದೆ. ಅಕ್ಕ ಹದಿನಾರು ಪುಟದ ಕಟ್ಟನ್ನ ಮಡಿಲ ಮೇಲೆ ಹರಡಿ, ಗಂಟಲು ಸರಿ ಮಾಡ್ಕೊಂಡು, ಗಟ್ಟಿಯಾಗಿ ಶುರು ಮಾಡಿದಳು. ಮೊದಲನೇ ಪುಟದಲ್ಲೇ ಅತ್ತೆ ಸೊಸೆ ಜಗಳ. ನನ್ನ ಹೊಲಿಗೆ ಬಿಗಿ ಆಯ್ತು.